ಹೊಲಿಗೆಯ ಗೆರೆಯ ಮೇಲೆ ಹತ್ತು ನಿಮಿಷ

ಚನ್ನರಾಯಪಟ್ಟಣ
21-11-2024, ಗುರುವಾರ

ಪ್ರೀತಿಯ ತೇಜಕ್ಕನಿಗೆ ಭವ್ಯಳ ನಮಸ್ಕಾರ.

ಹೇಗಿದ್ದೀಯ? ಭಾವನವರ ಮಂಡಿನೋವು ಕಡಿಮೆಯಾಯಿತೇ? ಕಲಬುರಗಿಯ ಬಿಸಿಲು ಈಗಲಾದರೂ ಇಳಿದಿರಬೇಕು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಈ ಮಾತನ್ನು ಜೂನ್‌ನಿಂದ ಫೋನಿನಲ್ಲಿ ಎಷ್ಟು ಸಲ ಹೇಳಿದ್ದೇನೋ, ಆದರೆ ಮನಸ್ಸಿನಿಂದ ಹೇಳುತ್ತಿರುವುದು ಇವತ್ತೇ. ಫೋನ್ ಮಾಡಿದರೆ ಪಕ್ಕದಲ್ಲಿ ಅತ್ತೆಯೋ ಮಗಳೋ ಇರುತ್ತಾರೆ. ಕೆಲವು ಮಾತು ಬರೆದರೇ ಸಲೀಸು. ಅಕ್ಷರ ಸೊಟ್ಟಗಿದ್ದರೂ ಬರೆದದ್ದು ನನ್ನ ಬಲಗೈಯೇ.

ಸ್ತನದ ಆಪರೇಷನ್ ಆಗಿ ಹೊಲಿಗೆ ಬಿಚ್ಚುವವರೆಗೂ ನೀನು ಜೊತೆಗಿದ್ದೆ. ಆಮೇಲಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಗಂಟು ಚಿಕ್ಕದಿದ್ದಾಗಲೇ ಸಿಕ್ಕಿದ್ದರಿಂದ ದಿನಕ್ಕೊಂದು ಮಾತ್ರೆ ಸಾಕು ಅಂದರು. ಗಾಯವೂ ಒಣಗಿತು. ಆದರೆ ಬಲಗೈ ಮೇಲೇಳಲಿಲ್ಲ. ಭುಜದ ಎತ್ತರಕ್ಕೆ ಬರುವಷ್ಟರಲ್ಲಿ ಕಂಕುಳಿನಿಂದ ಮೊಣಕೈವರೆಗೆ ಒಳಗೆ ಹುರಿ ಬಿಗಿದ ಹಾಗೆ ಎಳೆಯುತ್ತಿತ್ತು. ತಲೆ ಬಾಚಲು ಅತ್ತೆ ಬೇಕು, ರವಿಕೆ ತೊಡಲು ಮಗಳು ಬೇಕು. ಆಗಸ್ಟ್‌ನಲ್ಲಿ ಸ್ಕೂಲಿಗೆ ಹೋದಾಗ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದೆ. ಹಿಂದಿನ ಬೆಂಚಿನವರು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಯಾಕೆ ಮಿಸ್ ಅಂತ ಒಬ್ಬರೂ ಕೇಳಲಿಲ್ಲ; ಕೇಳದೇ ಇದ್ದದ್ದೇ ನನಗೆ ಹೆಚ್ಚು ಸಂಕಟ.

ನಮ್ಮತ್ತೆ ಜಯಲಕ್ಷ್ಮಮ್ಮನವರು ನಿನಗೆ ಗೊತ್ತಲ್ಲ. "ಅರಳೆಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ತಿಕ್ಕುದ್ರೆ ಎಲ್ಲಾ ಸಡ್ಲ ಆಯ್ತದೆ ಬಿಡು" ಅಂತ ಬಾಣಲೆ ಒಲೆಗಿಟ್ಟೇಬಿಟ್ಟಿದ್ದರು. ಪುಣ್ಯಕ್ಕೆ ಮಾರನೆಯ ದಿನವೇ ತಪಾಸಣೆ ಇತ್ತು. ಡಾಕ್ಟರು ಕೈ ನೋಡಿ, ಹಾಸನದಲ್ಲೇ ಫಿಸಿಯೋಥೆರಪಿ ಮಾಡುವ ನೀಲಗಂಗಮ್ಮನವರ ಹತ್ತಿರ ಕಳಿಸಿದರು. ಐವತ್ತು ದಾಟಿದ ಹೆಂಗಸು, ನಮ್ಮ ತವರೂರು ಸಾಲಗಾಮೆಯವರೇ. ಅಪ್ಪನ ಹೆಸರು ಹೇಳಿದ್ದೇ ತಡ, "ಪುಟ್ಟರಾಜಣ್ಣನ ಮಗಳಾ ನೀನು? ಎದರ್ಬ್ಯಾಡ ಕಣವ್ವ, ನೋವಾಗಂಗೆ ಏನೂ ಮಾಡಾಕಿಲ್ಲ" ಅಂದರು. ಎಣ್ಣೆಯ ವಿಷಯ ಹೇಳಿದೆ. "ಬಾವು ಬರೋ ಕೈಗೆ ಬಿಸಿ ಮುಟ್ಟಿಸ್ಬ್ಯಾಡಿ, ತಿಕ್ಕೋದಂತೂ ಬ್ಯಾಡ್ವೇ ಬ್ಯಾಡ" ಅಂತ ಗದರಿದರು. ಅವರು ಮಾಡುವುದು ಮಸಾಜು ಅಂತಲೇ ಅನ್ನಿಸುವುದಿಲ್ಲ ಅಕ್ಕ. ಎರಡು ಬೆರಳಿಟ್ಟು ಚರ್ಮವನ್ನು ಚೂರೇ ಚೂರು ಅತ್ತ ಸರಿಸಿ, ನಿಲ್ಲಿಸಿ, ಇತ್ತ ತರುತ್ತಾರೆ. ಒಳಗೆ ಅಂಟಿಕೊಂಡ ಹೊಲಿಗೆಯ ಗೆರೆ ಹಾಗೆ ಮಾಡಿದರೇ ಬಿಡುತ್ತಂತೆ.

ನಾಲ್ಕನೆಯ ಸಲ ಹೋದಾಗ, ಮನೆಯಲ್ಲೂ ದಿನಾ ಹತ್ತು ನಿಮಿಷ ಮಾಡಬೇಕು, ಯಾರಿಗೆ ಕಲಿಸಲಿ ಎಂದು ಕೇಳಿದರು. ಆಪರೇಷನ್ ಆದಂದಿನಿಂದ ಆ ಜಾಗವನ್ನು ನಮ್ಮವರಿಗೆ ತೋರಿಸಿರಲಿಲ್ಲ. ಬಚ್ಚಲಲ್ಲೇ ಸೀರೆ ಉಟ್ಟು ಬರುತ್ತಿದ್ದೆ. ಅವರೂ ಕೇಳಿರಲಿಲ್ಲ. ನೋಡಿದರೆ ಮುಖದಲ್ಲಿ ಏನು ಕಾಣುತ್ತದೋ ಎಂಬ ಭಯ. ನೀಲಗಂಗಮ್ಮ ಮೆಲ್ಲಗೆ, "ಯಜಮಾನ್ರು ಆಚೆ ಕೂತವ್ರೆ, ಕರೀಲಾ? ಬ್ಯಾಡ ಅಂದ್ರೆ ಬ್ಯಾಡ" ಅಂದರು. ಹೂಂ ಅನ್ನಲು ನನಗೆ ಬಹಳ ಹೊತ್ತು ಹಿಡಿಯಿತು.

ಶಶಿ ಒಳಗೆ ಬಂದರು. ಟ್ರ್ಯಾಕ್ಟರ್ ರಿಪೇರಿಯ ಗ್ರೀಸು ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಸಿಂಕಿನಲ್ಲಿ ಎರಡೆರಡು ಸಲ ಸೋಪು ಹಾಕಿ ಕೈ ತೊಳೆದರು. ನಾನು ಫ್ಯಾನು ನೋಡುತ್ತಾ ಮಲಗಿದ್ದೆ. ನೋಡಿದರು ಅಂತ ಗೊತ್ತಾಯಿತು. ಆಮೇಲೆ, "ಎಷ್ಟು ಜೋರಾಗ್ ಒತ್ಬೇಕು ಮೇಡಂ?" ಅಂದರು. ಅಷ್ಟೇ. "ಕಣ್ರೆಪ್ಪೆ ಮ್ಯಾಲೆ ಬೆರಳಿಟ್ಟಂಗೆ" ಅಂದರು ನೀಲಗಂಗಮ್ಮ. ಇಡೀ ದಿನ ಬೋಲ್ಟು ಬಿಗಿಯುವ ಮನುಷ್ಯ, ಅಕ್ಕ, ಮೊದಲ ದಿನ ಬೆರಳು ತಾಗಿತೋ ಇಲ್ಲವೋ ಅನ್ನುವಷ್ಟು ಹಗುರಾಗಿ ಇಟ್ಟರು. "ನೋವಾದ್ರೆ ಹೇಳು ಕಣೆ, ಸುಮ್ಕಿರಬ್ಯಾಡ" ಅಂತ ನಿಮಿಷಕ್ಕೊಂದು ಸಲ. ನನಗೆ ಅಳು ಬಂತು, ನೋವಿಗಲ್ಲ.

ಈಗ ದಿನಾ ಬೆಳಿಗ್ಗೆ, ಅವರು ರಿಪೇರಿ ಅಂಗಡಿ ಬಾಗಿಲು ತೆಗೆಯುವ ಮುಂಚೆ, ಹತ್ತು ನಿಮಿಷ. ಕರೆಂಟು, ಹುಳಿ, ಮಗಳ ಮಾರ್ಕ್ಸು, ಏನೇನೋ ಮಾತಾಡಿಕೊಳ್ಳುತ್ತೇವೆ. ಎಲ್ಲವೂ ಸರಿಹೋಗಿದೆ ಅನ್ನಲಾರೆ. ಸಂಜೆಗೆ ಕೈ ಸ್ವಲ್ಪ ಊದುತ್ತದೆ, ತುಂಬಿದ ಬಿಂದಿಗೆ ಎತ್ತುವಂತಿಲ್ಲ. ಆದರೆ ಕಳೆದ ಸೋಮವಾರ ಬೋರ್ಡಿನ ತುದಿಯಲ್ಲಿ ತಾರೀಕು ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಮಿಸ್, ಇವತ್ತು ಕಾಣ್ತೈತೆ" ಅಂದಳು. ತಿರುಗಿ ನೋಡಲು ಆಗದೆ ಇನ್ನೊಂದು ಸಾಲು ಬರೆದೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಭವ್ಯ

ತಾ.ಕ.: ಅಕ್ಕ, ಬರೆಯಬೇಕಿದ್ದದ್ದೇ ಇದು. ಒಡಹುಟ್ಟಿದ ಹೆಣ್ಣುಮಕ್ಕಳು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಫೋನಿನಲ್ಲಿ ಮೂರು ಸಲ ಹೇಳಿದೆ, ಮೂರು ಸಲವೂ ನೀನು ಮಾತು ತಿರುಗಿಸಿದೆ. ನಿನಗೆ ಭಯ ಅಂತ ಗೊತ್ತು, ನನಗೂ ಇತ್ತು. ಮಂಗಳವಾರಕ್ಕೆ ಹಾಸನದಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಏನೋ ಕೆಲಸದ ಮೇಲೆ ಬಂದೆ ಅಂತ ಶಶಿ ನಿನಗೆ ಹೇಳಿರಬಹುದು, ಸುಳ್ಳು. ಈ ಕಾಗದ ಕೊಟ್ಟು ನಿನ್ನೆದುರಿಗೇ ಕೂತಿದ್ದಾರಲ್ಲ, ನಾಳಿನ ರೈಲಿಗೆ ಇಬ್ಬರ ಟಿಕೆಟ್ಟೂ ಅವರ ಜೇಬಿನಲ್ಲಿದೆ. ಅವರಿಗೆ ಕಾಫಿ ಕೊಡು, ಬ್ಯಾಗಿಗೆ ಬಟ್ಟೆ ತುಂಬು. ಪರೀಕ್ಷೆಯ ಕೋಣೆಯೊಳಗೆ ನಾನೂ ಬರುತ್ತೇನೆ, ಕೈ ಹಿಡಿದುಕೊಂಡಿರುತ್ತೇನೆ.