ಗಂಟೆ ಹೊಡೆದಾಗ ಅರ್ಧಕ್ಕೆ ನಿಂತ ಮರ

ಕುಂದಾಪುರ
ಆಗಸ್ಟ್ ೧೯೬೪

ಪ್ರೀತಿಯ ಗುಲಾಬಿ,

ಟೀಚರ್ ಕಾಗದ ಬಂತು ಅಂತ ಹೆದರಬೇಡ. ನಿನ್ನಿಂದ ಒಂದು ಉಪಕಾರ ಆಗಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಮರವಂತೆಯಲ್ಲಿ ನಿಮ್ಮ ಐದನೇ ಕ್ಲಾಸಿಗೆ ಬಂದಿದ್ದೆನಲ್ಲ, ಅದು ನಿಮಗೆ ಪಾಠ, ನನಗೆ ಪರೀಕ್ಷೆ. ನಾನಿನ್ನೂ ಟ್ರೈನಿಂಗಿನ ಮೊದಲ ವರ್ಷದವಳು, ಅರ್ಧ ಟೀಚರ್. ಹಿಂದಿನ ಬೆಂಚಿನಲ್ಲಿ ಕೂತಿದ್ದ ಭೋಜರಾಜ ಮಾಷ್ಟ್ರು ನನಗೆ ಮಾರ್ಕ್ ಹಾಕುವವರು. ಮಂಗಳೂರಿನ ಹಾಸ್ಟೆಲಿನಲ್ಲಿ ಇಂಗ್ಲಿಷ್ ಪ್ರಾರ್ಥನೆ ಹೇಳಿ ಬೆಳೆದವಳು ಕನ್ನಡ ಗ್ರಾಮರ್ ಕಲಿಸಬೇಕು! ಬಸ್ಸಿನಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಅಂತ ಗೊಣಗುತ್ತಾ ಬಂದವಳಿಗೆ ಎಡಬಲದ ಸಮುದ್ರ, ನದಿ ಎರಡೂ ಕಾಣಿಸಲಿಲ್ಲ.

'ನಮ್ಮ ಊರು' ಅಂತ ಬರೆಯಲು ಹೇಳಿದೆ. ಎಲ್ಲರದ್ದೂ ಒಂದೇ. ನಮ್ಮ ಊರು ಮರವಂತೆ. ಇಲ್ಲಿ ಸಮುದ್ರ ಇದೆ. ಮೀನು ಇದೆ. ಉಳಿದ ಪುಟ ಖಾಲಿ. ಯಾಕೆ ಅಂದದ್ದಕ್ಕೆ ನೀನೇ ಎದ್ದು ಹೇಳಿದೆ: "ಸಣ್ಣಕ್ ಬರದ್ರೆ ತಪ್ಪ್ ಆತಿಲ್ಲೆ ಟೀಚ್ರೇ. ಉದ್ದ ಬರದ್ರೆ ಕೆಂಪ್ ಶಾಯಿ."

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಬೆಳಗ್ಗಿನದು ನೆನಪಾಯಿತು. ಶಾಲೆಯ ಜಗಲಿಯಲ್ಲಿ ಹತ್ತಾರು ಮಕ್ಕಳನ್ನು ಕೂರಿಸಿಕೊಂಡು ಕಥೆ ಹೊಡೆಯುತ್ತಿದ್ದವಳು ನೀನೇ ಅಲ್ಲವಾ? ಅದೇ ಬಾಯಿ ಪೆನ್ನು ಹಿಡಿದ ಕೂಡಲೇ 'ಮೀನು ಇದೆ' ಅಂತ ಮುಚ್ಚಿಹೋಗುತ್ತದೆ. ಇನ್ನು ನಾನೊಂದು ನಿಯಮ ಕಲಿಸಿದರೆ ಮೀನೂ ಉಳಿಯಲಿಕ್ಕಿಲ್ಲ ಅನ್ನಿಸಿತು.

ಆದರೂ ಲೆಸನ್ ಪ್ಲಾನ್ ಬಿಡುವ ಹಾಗಿಲ್ಲ. ಬೋರ್ಡಿನ ಮೇಲೆ ಬರೆದೆ: ಗಾಳಿ ಬಂದಿತು. ತೆಂಗಿನ ಮರ ಬಿದ್ದಿತು. ನನ್ನದು ಬರೀ ಉದಾಹರಣೆ. ನಿನಗೆ ಮಾತ್ರ ಬೀಳುವ ಮರ ಅಂದರೆ ಲೋಕದಲ್ಲಿ ಒಂದೇ, ನಿಮ್ಮ ಮನೆಯದು.

"ಹ್ವಾಯ್ ಟೀಚ್ರೇ, ಅದ್ ಸುಳ್ಳ್! ನಮ್ಮನಿ ಮರಕ್ಕೆ ಗಾಳಿ ಎಂತದೂ ಮಾಡ್ಲಿಲ್ಲೆ!"

ಚಾಕ್ ಕೊಟ್ಟೆ. ಫುಲ್‌ಸ್ಟಾಪಿಲ್ಲದೆ ಬರೆದೆ ನೀನು. ಅಲೆ ಬುಡ ಕೊರೆದದ್ದು, ಕಿಟ್ಟ ಮಾವ ದೋಣಿಯ ಹಗ್ಗ ತಂದು ಮರಕ್ಕೆ ಬಿಗಿದದ್ದು, ಮನೆಯವರೆಲ್ಲ ಹಿಡಿದು ಎಳೆದದ್ದು, ಅಮ್ಮಣ್ಣಿ ಅಜ್ಜಿ ಸಮುದ್ರಕ್ಕೇ "ನಿಂಗೆ ಉಂಬುಕೆ ಬೇರೆ ಎಂತದೂ ಸಿಕ್ಲಿಲ್ಯಾ?" ಅಂತ ಬೈದದ್ದು. ಹೆಜ್ಜೆಗೊಂದು ತಪ್ಪು. ಹಿಂದೆ ಮಾಷ್ಟ್ರು ಕೆಮ್ಮಿದರು. ತಿದ್ದು ಅಂತ ಅರ್ಥ. ನನ್ನ ಕೈಯಲ್ಲಿ ಡಸ್ಟರ್ ಇತ್ತು. ಮೇಜಿನ ಮೇಲಿಟ್ಟು "ಮತ್ತೆ?" ಅಂದೆ.

ಬೋರ್ಡು ತುಂಬಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ: ಹಗ್ಗ ಎಳೆದವರು ಯಾರ್ಯಾರು, ಹುಡುಕಿ. 'ನಾವೆಲ್ಲ ಎಳೆದರು' ಅಂತ ನೀನು ಬರೆದದ್ದನ್ನು ಚಂದ್ರ ಹಿಡಿದ. "ನೀನ್ ಎಳೀಲಿಲ್ಯಾ ಹಂಗಾರೆ? ಬದಿಗ್ ನಿಂತ್ಕಂಡ್ ಕಂಡದ್ದಾ?" ನಿನಗೆ ಬಂತಲ್ಲ ಸಿಟ್ಟು! 'ಎಳೆದೆವು' ಅಂತ ಬರೆದು, ಅಂಗೈಯ ಹಗ್ಗದ ಗಾಯವನ್ನೂ ತೋರಿಸಿದೆ. ಉಳಿದ ತಪ್ಪುಗಳನ್ನು ನಾನು ಮುಟ್ಟಲಿಲ್ಲ. ಅವುಗಳಿಗೂ ಒಂದೊಂದು ದಿನ ಬರುತ್ತದೆ. ಬೋರ್ಡಿನಲ್ಲಿ ಜಾಗ ಇರಲಿಲ್ಲ, ನೀನು ಬಾಯಲ್ಲೇ ಮುಂದುವರಿಸಿದೆ. ಅಜ್ಜಿ "ಬಿಡ್ಬೇಡಿ!" ಅಂತ ಕೂಗಿದಲ್ಲಿಗೆ ಗಂಟೆ ಹೊಡೆಯಿತು.

ವಾಪಸ್ ಬರುವ ಬಸ್ಸಿನಲ್ಲಿ ಮಾಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕೂತರು. ಫೇಲ್ ಅಂತಲೇ ತಿಳಿದು ಸೆರಗಿನ ತುದಿ ಹಿಂಡುತ್ತಾ ಕೂತಿದ್ದೆ. ತ್ರಾಸಿ ದಾಟಿದ ಮೇಲೆ ಮುಂದಿನ ಸೀಟಿನಿಂದ ತಿರುಗಿದರು.

"ಅಲ್ಲ ಮಾರಾಯ್ತಿ, ಆ ಮರ ಕಡಿಗೆ ಎಂತ ಆಯ್ತ್?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಯಾ? ಮತ್ತೆ ಎಂತ ಪಾಠ ಮಾಡದ್ದ್ ನೀನ್?"

ಮಾರ್ಕ್ ಇನ್ನೂ ಹೇಳಿಲ್ಲ. ಎದುರು ಸಿಕ್ಕಾಗಲೆಲ್ಲ ಮರದ ಸುದ್ದಿಯೇ. ಆದ್ದರಿಂದ ಗುಲಾಬಿ, ಉಳಿದದ್ದನ್ನು ಬರೆದು ಕಳಿಸು. 'ಮರ ಬಿತ್ತು' ಅಂತ ಸಣ್ಣಕ್ಕೆ ಮುಗಿಸಬೇಡ. ತಪ್ಪಾದರೆ ಆಗಲಿ, ನಿಧಾನಕ್ಕೆ ನೋಡಿಕೊಳ್ಳೋಣ. ಇಲ್ಲಿ ನಾನೂ ಮಾಷ್ಟ್ರೂ ನಿಮ್ಮ ಹಗ್ಗದ ತುದಿ ಹಿಡಿದುಕೊಂಡೇ ನಿಂತಿದ್ದೇವೆ.

ನಿನ್ನ ಪೆನ್ನಿನ ಶಾಯಿ, ಅಜ್ಜಿಯ ಬಾಯಿಯ ಬೈಗುಳ ಎರಡನ್ನೂ ದೇವರು ಬತ್ತದ ಹಾಗೆ ಕಾಯಲಿ.

ದಾರಿ ಕಾಯುತ್ತಿರುವ,
ಸುಗುಣ ಟೀಚರ್