ಅನ್ನಮ್ಮನ ಹೇಳಿಕೆ

ಮಲ್ಕಾಜ್‌ಗಿರಿ, ಸೋಮವಾರ

ಗುತ್ತಿಗೆದಾರ ಲಿಂಗಣ್ಣನವರಿಗೆ,

ನಿಮ್ಮ ಕಾಂಕ್ರೀಟ್ ಮಿಕ್ಸರಿಗೆ ಕೈ ಸಿಕ್ಕ ಕೂಲಿಯಾಳು ಅನ್ನಮ್ಮನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಮನೆಗೆ ಬಂದಿದ್ದಿರಿ. "ಮೇಡಂ, ನೀವು ಎಂ.ಎ. ಓದಿದೋರು. ಬರೇ 'ಹರ್ಟ್' ಅಂತ ಹಾಕ್ರಿ, ಅದಕ್ಕ ಭಾಳ ಅರ್ಥ ಐತಿ" ಎಂದು ನಕ್ಕಿರಿ.

ಪೆಟ್ಟು, ಗಾಯ, ನೋವು, ನಷ್ಟ, ಮನಸ್ಸಿನ ಬೇಸರ, ಎಲ್ಲಕ್ಕೂ ಆ ಪದ ಸಲ್ಲುತ್ತದೆ, ನಿಜ. ಕವಿತೆಯಲ್ಲಿ ನಾನು ಮೆಚ್ಚುವ ಆ ಸಡಿಲತೆಯನ್ನು ನಿಮ್ಮ ಬಾಯಲ್ಲಿ ಕೇಳಿ ಹೇಸಿಗೆಯಾಯಿತು.

ಆದದ್ದನ್ನು ಆದಂತೆಯೇ ಬರೆದು ಕಾರ್ಮಿಕ ಇಲಾಖೆಗೆ ನಾನೇ ಕೊಡುತ್ತೇನೆ. ನಾಳೆ ಡ್ರೆಸ್ಸಿಂಗಿಗೆ ಅವಳಿಗೊಂದು ಆಟೋ ಕಳಿಸಿ.

ನೀವು ಬಿಟ್ಟುಹೋದ ಇಂಕ್ ಪ್ಯಾಡ್ ಹಿಂದಿರುಗಿಸಿದ್ದೇನೆ. ಹೆಂಗಸರದು ಬಲಗೈ ಹೆಬ್ಬೆಟ್ಟೇ ಆಗಬೇಕು ಎಂದಿರಲ್ಲ, ಆಸ್ಪತ್ರೆಯವರು ಕತ್ತರಿಸಿ ತೆಗೆದದ್ದು ಅದನ್ನೇ.

ವಸುಂಧರಾ