ಆಸರೆ ಎಂದರೆ ಗೋಡೆ

ಗುರುಗಳಿಗೆ ವಂದನೆಗಳು.

ನಿಮ್ಮ ಪ್ರಾಣಾಯಾಮದ ತರಗತಿಯಲ್ಲಿ ಪಕ್ಕದ ಗೋಡೆಗೆ ಒರಗಿ ಕೂತಿದ್ದ ನನ್ನ ಹೆಂಡತಿಗೆ ನೀವು, "ಆಸರೆ ಬಿಡಮ್ಮ, ಉಸಿರು ತಾನಾಗಿ ಬರುತ್ತೆ" ಎಂದಿರಿ. ನೀವು ಮರೆತಿರಬಹುದು, ಹಿಂದೆ ಕೂತಿದ್ದ ನಾನು ಮರೆತಿಲ್ಲ. ನೀವು ಬಿಡಲು ಹೇಳಿದ್ದು ಗೋಡೆಯನ್ನು. ಅವಳು ಬಿಟ್ಟದ್ದು ಉಬ್ಬಸದ ಇನ್‌ಹೇಲರನ್ನು.

ಈಗ ಮಲಗಲಾರದೆ ಕಿಟಕಿಯ ಸರಳು ಹಿಡಿದು ಕೂತಿದ್ದಾಳೆ. ಡಾಕ್ಟರನ್ನು ಕರೆತಂದರೆ ಮುಖ ತಿರುಗಿಸಿದಳು. "ರೀ, ನೀವು ಪುಸ್ತಕದ ಹುಳ. ಗುರುಗಳ ಮಾತು ನಿಮಗೇನು ಗೊತ್ತು?" ಎಂದಳು. ಅಷ್ಟು ಹೇಳುವುದರೊಳಗೆ ಮತ್ತೆ ಮತ್ತೆ ಏದುಸಿರು ಬಂತು.

ಯೋಗದ ಪುಸ್ತಕಗಳನ್ನು ನಾನೂ ಅರೆದು ಕುಡಿದವನೇ. ಕಾಯಿಲೆಯವರ ಮದ್ದು ಬಿಡಿಸಿ ಎಂದು ಎಲ್ಲಿಯೂ ಓದಿಲ್ಲ. ಆದರೆ ನನ್ನ ಓದು ಅವಳ ಮುಂದೆ ಕವಡೆ ಕಿಮ್ಮತ್ತಿಗಿಲ್ಲ.

ನಿಮ್ಮ ಶಿಷ್ಯರು ನನ್ನನ್ನು ಒಳಗೆ ಬಿಡುತ್ತಿಲ್ಲ. "ಗುರುಗಳು ಮೌನದಲ್ಲಿದ್ದಾರೆ ಯಜಮಾನ್ರೇ, ಮುಂದಿನ ವಾರ ಬನ್ನಿ" ಅನ್ನುತ್ತಾರೆ. ಅವಳ ಉಸಿರು ಮುಂದಿನ ವಾರದವರೆಗೆ ಕಾಯುವಂತಿಲ್ಲ, ಸ್ವಾಮಿ.

ನೀವು ಮೌನ ಮುರಿಯುವುದು ಬೇಡ. ಈ ಹಾಳೆಯ ಹಿಂದೆ 'ಗೋಡೆ' ಎಂದಷ್ಟೇ ನಿಮ್ಮ ಕೈಯಾರೆ ಬರೆದು ಕಳಿಸಿ. ನಾದಿನಿ ಇನ್‌ಹೇಲರ್ ಹಿಡಿದು ಅವಳ ಪಕ್ಕದಲ್ಲೇ ಕಾದಿದ್ದಾಳೆ. ನಾನು ನಿಮ್ಮ ಗೇಟಿನಲ್ಲಿದ್ದೇನೆ.

ಇತಿ,
ಹಿಂದಿನ ಸಾಲಿನಲ್ಲಿ ಕೂತಿದ್ದ
ಅವಳ ಗಂಡ